ಮಗನ ಗುರಿ, ಅವ್ವನ ಗುರಿ

ನಮ್ಮ ಕೇಸ್ ಶೀಟಿನಲ್ಲಿ ‘ಗುರಿ’ ಅಂತ ಒಂದು ಕಾಲಂ ಇರುತ್ತದೆ. ಎರಡು ಮೂರು ಸಾಲು ಬರೆಯುವಷ್ಟೇ ಜಾಗ. ಆಕ್ಯುಪೇಷನಲ್ ಥೆರಪಿಯಲ್ಲಿ ನೀತಿ-ನಿಯಮ ಅಂದರೆ ಏನು ಎಂದು ಹೊಸ ಹುಡುಗಿಯರು ಕೇಳಿದಾಗಲೆಲ್ಲ ನಾನು ಆ ಕಾಲಂ ತೋರಿಸಿದ್ದೇನೆ. ಅಲ್ಲಿ ಬರೆದದ್ದು ಯಾರ ಮಾತು? ರೋಗಿಯದೋ, ಮನೆಯವರದೋ, ಆಸ್ಪತ್ರೆಯದೋ, ವಕೀಲರದೋ? ಇದೊಂದು ಇತ್ಯರ್ಥವಾದರೆ ನಮ್ಮ ನೀತಿಸಂಹಿತೆಯ ಮುಕ್ಕಾಲು ಪಾಲು ತಾನಾಗಿ ಪಾಲನೆಯಾಗುತ್ತದೆ.

ನಮ್ಮ ಕೆಲಸ ಏನೆಂದು ಬಹಳ ಜನಕ್ಕೆ ಇಂದಿಗೂ ಗೊತ್ತಿಲ್ಲ. ಲಕ್ವ ಹೊಡೆದವರು, ಮಷೀನಿಗೆ ಸಿಕ್ಕಿ ಬೆರಳು ಕಳೆದುಕೊಂಡವರು, ಮನಸ್ಸಿನ ಕಾಯಿಲೆಯಿಂದ ವರ್ಷಗಟ್ಟಲೆ ಮೂಲೆ ಹಿಡಿದವರು, ಬೆಳವಣಿಗೆಯಲ್ಲಿ ತೊಡಕಿರುವ ಮಕ್ಕಳು ತಮ್ಮ ದಿನದ ಬದುಕನ್ನು ಆದಷ್ಟು ತಾವೇ ನಡೆಸಿಕೊಳ್ಳುವಂತೆ ಮಾಡುವುದು ನಮ್ಮ ಕಸುಬು. ಹಲ್ಲುಜ್ಜುವುದು, ಉಣ್ಣುವುದು, ಸೀರೆ ಉಡುವುದು, ಬಸ್ಸು ಹತ್ತುವುದು, ದುಡಿಮೆಗೆ ಮರಳುವುದು ಎಲ್ಲವೂ ಇದರಲ್ಲಿ ಬರುತ್ತದೆ. ಸರ್ಜನ್ ಗಾಯ ನೋಡಿ ಮುಂದಿನ ಹಾಸಿಗೆಗೆ ಹೋಗುತ್ತಾರೆ. ನಾವು ರೋಗಿಯ ಹಿಂದೆ ಬಚ್ಚಲಿಗೆ ಹೋಗುತ್ತೇವೆ, ಅಡುಗೆಮನೆಗೆ ಹೋಗುತ್ತೇವೆ. ಅಲ್ಲಿ ಅತ್ತೆ-ಸೊಸೆ ಸಂಬಂಧ, ಮನೆಯ ಸಾಲ, ಕುಡಿತ, ಹೊಡೆತ ಎಲ್ಲ ಕೇಳದೆಯೇ ಕಿವಿಗೆ ಬೀಳುತ್ತವೆ. ಹಾಗಾಗಿ ಈ ಬರಹದಲ್ಲಿ ಬರುವವರ ಊರು, ಉದ್ಯೋಗ, ವಯಸ್ಸು ಅಷ್ಟಿಷ್ಟು ಬದಲಾಗಿವೆ. ಅವರು ಅಂದ ಮಾತು ಬದಲಾಗಿಲ್ಲ.

ಹಾವೇರಿ ಕಡೆಯ ಒಬ್ಬ ತಾಯಿ. ಅರವತ್ತು ದಾಟಿತ್ತು. ಬಲಗೈ ಬಲಗಾಲಿಗೆ ಲಕ್ವ. ಮಾತು ತಡವಾಗಿ ಹೊರಡುತ್ತಿತ್ತು, ತಿಳಿವಳಿಕೆಗೆ ಮಾತ್ರ ಏನೂ ಆಗಿರಲಿಲ್ಲ. ಕರೆದುಕೊಂಡು ಬರುತ್ತಿದ್ದವನು ದೊಡ್ಡ ಮಗ. ಕೆಲಸ ಬಿಟ್ಟು, ಬಾಡಿಗೆ ಕಾರು ಮಾಡಿಕೊಂಡು, ತಾಯಿಯನ್ನು ಎತ್ತಿಕೊಂಡೇ ಒಳಗೆ ತರುತ್ತಿದ್ದ. ಮೊದಲ ದಿನವೇ ಗುರಿ ಹೇಳಿಬಿಟ್ಟ: “ನಮ್ಮವ್ವ ರೊಟ್ಟಿ ಬಡಿಯೂದು ನೋಡಬೇಕಿತ್ರಿ ಮೇಡಂ, ಇಡೀ ಓಣ್ಯಾಗ ಹೆಸರಿತ್ತು. ಮತ್ತ ಬಡಿಯುವಂಗ ಮಾಡ್ರಿ. ಅಕಿಗೂ ಸಮಾಧಾನ ಆಕ್ಕೈತಿ.”

ಥೆರಪಿಸ್ಟರ ಕಣ್ಣಿಗೆ ರೊಟ್ಟಿ ಬಲು ಆಕರ್ಷಕ ಚಟುವಟಿಕೆ. ಹಿಟ್ಟು ನಾದಲು ಎರಡೂ ಕೈ ಬೇಕು. ಬಡಿಯುವಾಗ ಒಂದು ಕೈ ತಟ್ಟಿದರೆ ಇನ್ನೊಂದು ತಿರುಗಿಸಬೇಕು. ಎತ್ತಿ ಹಂಚಿಗೆ ಹಾಕಲು ಭುಜ, ಮೊಣಕೈ, ಮಣಿಕಟ್ಟು ಮೂರೂ ಒಟ್ಟಿಗೆ ಕೆಲಸ ಮಾಡಬೇಕು. ನೀರು ಸವರಲು ಬೆರಳ ತುದಿಯ ಹಗುರ ಸ್ಪರ್ಶ ಬೇಕು. ವರದಿಯಲ್ಲಿ ಬರೆದರೆ ಮೇಲಿನವರೂ ಮೆಚ್ಚುತ್ತಾರೆ. ಹೆಂಗಸು ಅಂದಮೇಲೆ ಅಡುಗೆಮನೆ, ಗಂಡಸು ಅಂದಮೇಲೆ ದುಡಿಮೆ ಎಂದು ನಮ್ಮ ಶೀಟುಗಳೂ ಬಹಳ ಕಾಲ ನಂಬಿಕೊಂಡಿದ್ದವು.

ಮಗ ಬಿಲ್ಲು ಕಟ್ಟಲು ಕೆಳಗಿಳಿದಾಗ ಆಕೆಯನ್ನೇ ಕೇಳಿದೆ, ಏನು ಮಾಡಿಕೊಳ್ಳುವಂತಾಗಬೇಕು ಅಂತ. ಉತ್ತರ ಬರಲು ಹೊತ್ತು ಹಿಡಿಯಿತು. “ರೊಟ್ಟಿ ನಲವತ್ ವರ್ಷ ಬಡದೀನವ್ವ. ಸಾಕು.” ಮತ್ತೆ ಸುಮ್ಮನಾದರು. ಆಮೇಲೆ, “ಸೊಸಿ ಕಡೆ ತೊಳಿಸ್ಕೊಳ್ಳೂದು... ಅದೊಂದು ಬ್ಯಾಡ.” ಸೊಸೆ ಕೆಟ್ಟವಳೇನಲ್ಲ ಎಂದೂ ಸೇರಿಸಿದರು. ಬಿಡಿಸಿ ಕೇಳಿದಾಗ ಗೊತ್ತಾದದ್ದು: ಸೊಸೆಯನ್ನು ಎಷ್ಟು ಸಲ ಕರೆಯುವುದು ಎಂಬ ಸಂಕೋಚಕ್ಕೆ ಆಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಮಧ್ಯಾಹ್ನದ ಊಟ ಅರ್ಧಕ್ಕಿಳಿದಿತ್ತು. ಆಗಲೇ ಉರಿಮೂತ್ರ, ಮಲಬದ್ಧತೆ ಶುರುವಾಗಿದ್ದವು.

ಗುರಿ ಕಾಲಮ್ಮಿನಲ್ಲಿ ನಾನು ಬರೆದದ್ದು: ಶೌಚಕ್ಕೆ ಒಬ್ಬರೇ ಹೋಗಿ, ಸ್ವಚ್ಛ ಮಾಡಿಕೊಂಡು, ಸೀರೆ ಸರಿಮಾಡಿಕೊಂಡು ಬರುವುದು. ಬರೆಯಲು ಒಂದೇ ಸಾಲು. ಮಾಡಿಸಲು ಕಷ್ಟದ್ದು. ತೊಳೆಯುವುದು ಎಡಗೈ ಕೆಲಸ, ಎಡಗೈ ನೆಟ್ಟಗಿದೆಯಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಚೊಂಬಿನಿಂದ ನೀರು ಹಾಕುವ ಕೈ ಬಲದ್ದು. ಸೀರೆಯನ್ನು ಮೇಲೆತ್ತಿ ಹಿಡಿಯಲು ಇನ್ನೂ ಒಂದು ಕೈ ಬೇಕು. ಕುಕ್ಕರಗಾಲಲ್ಲಿ ಕೂತು ಏಳಲು ಬಲಗಾಲು ಒಪ್ಪುತ್ತಿರಲಿಲ್ಲ. ತಳದಲ್ಲಿ ತೂತಿರುವ ಕಮೋಡ್ ಖುರ್ಚಿಯನ್ನು ಮನೆಯ ಪಾಯಿಖಾನೆಯ ಮೇಲೆಯೇ ಇಡಿಸಿದೆವು. ಎಡಗೈಗೆ ನಿಲುಕುವಲ್ಲಿ ಗೋಡೆಗೆ ಕಬ್ಬಿಣದ ಹಿಡಿಕೆ, ನಲ್ಲಿಗೆ ಗುಂಡಿ ಒತ್ತಿದರೆ ನೀರು ಬರುವ ಪೈಪು ಬಂದವು. ನೈಟಿಗೆ ಆಕೆ ಒಪ್ಪಲೇ ಇಲ್ಲ. ಸೀರೆಯ ಅಂಚಿಗೆ ಕುಣಿಕೆ ಹೊಲಿದು ಸೊಂಟಕ್ಕೆ ಸಿಕ್ಕಿಸುವ ಉಪಾಯವನ್ನು ಕೊನೆಗೆ ಹುಡುಕಿದವಳು ಅದೇ ಸೊಸೆ.

ಮಗನಿಗೆ ಬೇಜಾರಾಗಿತ್ತು. ರೊಟ್ಟಿ ಮಾತು ಯಾಕೆ ಬಿಟ್ಟಿರಿ ಎಂದು ಎರಡು ಮೂರು ಸಲ ಕೇಳಿದ. ನಿಮ್ಮ ತಾಯಿಯೇ ಬೇಡ ಅಂದರು ಎಂದು ಹೇಳಲು ನನಗೆ ತಾಯಿಯ ಅಪ್ಪಣೆ ಇರಲಿಲ್ಲ. ಸುಳ್ಳು ಹೇಳಲು ಮನಸ್ಸೂ ಇರಲಿಲ್ಲ. ಬಲಗೈಗೆ ಅಷ್ಟು ಶಕ್ತಿ ಬರುವುದು ಅನುಮಾನ, ನೀರು-ಊಟ ಕಡಿಮೆಯಾಗಿರುವುದು ಅಪಾಯ, ಅದಕ್ಕೆ ಇದು ಮೊದಲು ಎಂದೆ. ಮೂರೂ ನಿಜ. ಕೆಲವು ತಿಂಗಳಲ್ಲಿ ಆಕೆ ಒಬ್ಬರೇ ಹೋಗಿ ಬರುವಂತಾದರು. ಬಲಗೈ ರೊಟ್ಟಿಯ ತನಕ ಬರಲೇ ಇಲ್ಲ. ಆ ಮನೆಗೆ ಈಗ ರೊಟ್ಟಿ ಅಂಗಡಿಯಿಂದ ಬರುತ್ತದೆಯಂತೆ.

ಮುಂಬೈಯ ಪರೇಲಿನಲ್ಲಿ ಓದುತ್ತಿದ್ದಾಗ ನಮಗೆ ನೀತಿಪಾಠ ಇತ್ತು, ಗಡಿಬಿಡಿಯಲ್ಲಿ ಮುಗಿಯುತ್ತಿತ್ತು. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರಲ್ಲಿ ಈ ವಿದ್ಯೆಯ ಶಾಲೆ ತೆರೆದವರು ಕಮಲಾ ನಿಂಬಕರ. ಹುಟ್ಟಿನಿಂದ ಅಮೆರಿಕದವರು, ಮದುವೆಯಿಂದ ಮರಾಠಿ ಮನೆಯವರು. 1952ರಲ್ಲಿ ನಮ್ಮ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಹುಟ್ಟಿದ ಜಾಗತಿಕ ಒಕ್ಕೂಟದ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಇಷ್ಟು ಹಳೆಯ ನಂಟಿದ್ದರೂ ಪುಸ್ತಕಗಳೆಲ್ಲ ಹೊರಗಿನವು. 1965ರ ಬಾರ್ಥೆಲ್ ಸೂಚ್ಯಂಕವನ್ನು ಇಂದಿಗೂ ಬಳಸುತ್ತೇವೆ. ಹತ್ತು ಬಾಬು, ಒಟ್ಟು 100 ಅಂಕ. ಅದರಲ್ಲಿ ಊಟದ ಬಾಬಿನಲ್ಲಿ ಬೆಣ್ಣೆ ಸವರಿಕೊಳ್ಳಲು ಸಹಾಯ ಬೇಕೇ ಎಂಬ ಪ್ರಶ್ನೆ ಇದೆ. ನವಲಗುಂದದ ರೈತನಿಗೆ ಅದನ್ನು ಕೇಳಿದರೆ ಆತ ನಮ್ಮ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುತ್ತಾನೆ. ಪುಸ್ತಕದ ರೋಗಿ ಒಬ್ಬನೇ ಬರುತ್ತಾನೆ, ತನ್ನ ಇಚ್ಛೆ ತಾನೇ ಹೇಳುತ್ತಾನೆ, ತಾನೇ ಸಹಿ ಹಾಕುತ್ತಾನೆ. ನಮ್ಮಲ್ಲಿ ರೋಗಿಯ ಜೊತೆ ಐದು ಜನ ಬರುತ್ತಾರೆ, ಆರನೆಯವರು ಫೋನಿನಲ್ಲಿರುತ್ತಾರೆ. ಇದನ್ನೇ ನೆಪ ಮಾಡಿಕೊಂಡು ‘ನಮ್ಮ ಸಂಸ್ಕೃತಿಯಲ್ಲಿ ಮನೆಯವರೇ ನಿರ್ಧರಿಸುವುದು’ ಎಂದು ಭಾಷಣ ಮಾಡುವ ಹಿರಿಯರನ್ನು ಕಂಡಿದ್ದೇನೆ. ನಾನು ಒಪ್ಪುವುದಿಲ್ಲ. ಐದೂ ಜನರ ಮಾತು ಕೇಳಬೇಕು, ಬರೆಯುವುದು ಮಾತ್ರ ಹಾಸಿಗೆ ಮೇಲಿರುವವರದನ್ನೇ.

ಮನೆಯವರ ಗುರಿಯಲ್ಲಿ ಪ್ರೀತಿಯಾದರೂ ಇರುತ್ತದೆ. ಸಂಸ್ಥೆಯ ಗುರಿಯಲ್ಲಿ ಅದೂ ಇರುವುದಿಲ್ಲ. ನನ್ನ ಮೊದಲ ನೌಕರಿ ಒಂದು ಮಾನಸಿಕ ಆಸ್ಪತ್ರೆಯಲ್ಲಿ, ಊರು ಬೇಡ. ನಮ್ಮ ವಿಭಾಗದಲ್ಲಿ ರೋಗಿಗಳು ಲಕೋಟೆ ಅಂಟಿಸುತ್ತಿದ್ದರು, ಫೈಲು ಕಟ್ಟುತ್ತಿದ್ದರು, ಚಾಪೆ ನೇಯುತ್ತಿದ್ದರು, ಫಿನಾಯಿಲು ಮಾಡುತ್ತಿದ್ದರು. ಕೈಗೆ ಅರ್ಥವಿರುವ ಕೆಲಸ ಕೊಟ್ಟರೆ ಮನಸ್ಸು ಚೇತರಿಸಿಕೊಳ್ಳುತ್ತದೆ ಎಂಬುದು ನಮ್ಮ ವೃತ್ತಿಯ ತಾಯಿಬೇರು. 1917ರಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಲ್ಲಿ ನಾಲ್ಕಾರು ಜನ ಕೂಡಿ ಮೊದಲ ಸಂಘ ಕಟ್ಟಿದ್ದೂ ಈ ನಂಬಿಕೆಯ ಮೇಲೆಯೇ. ಅದು ನಿಜವೆಂದು ನಾನು ಕಣ್ಣಾರೆ ನೋಡಿದ್ದೇನೆ. ಹೆಸರು ಕೂಗಿದರೂ ತಿರುಗದವರು ಗೋಂದಿನ ಡಬ್ಬಿ ಎಲ್ಲಿ ಎಂದು ಕೇಳಿದ್ದನ್ನು ಕೇಳಿದ್ದೇನೆ. ಆದರೆ ಚಿಕಿತ್ಸೆಗೆಂದು ಕೊಟ್ಟ ಕೆಲಸ ಯಾವ ದಿನ ಬಿಟ್ಟಿ ಚಾಕರಿಯಾಗುತ್ತದೆ ಎಂದು ಎಚ್ಚರಿಸಲು ಅಲ್ಲಿ ಗಂಟೆ ಹೊಡೆಯುವವರು ಯಾರೂ ಇರುವುದಿಲ್ಲ.

ಅಲ್ಲೊಬ್ಬ ಇದ್ದ. ಮಾತು ಕಡಿಮೆ, ಕೈಕೆಲಸ ಬಲು ಅಚ್ಚುಕಟ್ಟು. ಅವನು ಕಟ್ಟಿದ ಫೈಲಿನ ಮೂಲೆ ಪುಸ್ತಕದಂಗಡಿಯ ಮಾಲಿನ ಹಾಗೆ ಕೂರುತ್ತಿತ್ತು. ಆಸ್ಪತ್ರೆಯ ಕಚೇರಿಗೆ ಬೇಕಾದ ಫೈಲೆಲ್ಲ ಅವನದೇ. ಕೂಲಿ ಅಂದರೆ ಒಂದು ಚಹಾ, ಬೀಡಿ. ಕಾಯಿಲೆ ಹತೋಟಿಗೆ ಬಂದು ಬಹಳ ಕಾಲವಾಗಿತ್ತು. ಊರಲ್ಲಿ ಹೊಲವಿತ್ತು, ಅಣ್ಣನಿದ್ದ. ಅಣ್ಣ ಕರೆದೊಯ್ಯಲು ಹಿಂದೆಮುಂದೆ ನೋಡುತ್ತಿದ್ದನೆಂಬುದು ನಿಜ. ಹಾಗೆಂದು ಆಸ್ಪತ್ರೆಯಿಂದಲೂ ಯಾರೂ ಅಣ್ಣನಿಗೆ ಕಾಗದ ಬರೆದಿರಲಿಲ್ಲ. ಅವನನ್ನು ಮನೆಗೆ ಕಳಿಸುವ ಮಾತೆತ್ತಿದಾಗ ಕಚೇರಿಯ ಹಿರಿಯ ಗುಮಾಸ್ತರು ನಗುತ್ತಲೇ ಅಂದರು: “ಅವನ್ನ ಬಿಟ್ಟರ ಮಾರ್ಚ್ ತಿಂಗಳ ಫೈಲ್ ಯಾರು ಮಾಡತಾರ್ರೀ?” ತಮಾಷೆಗೆ ಅಂದದ್ದು. ತಮಾಷೆಯೊಳಗಿದ್ದ ಲೆಕ್ಕ ತಮಾಷೆಯದಲ್ಲ.

ನಾನು ಶೀಟಿನಲ್ಲಿ ಬರೆದೆ: ಫೈಲು ಕಟ್ಟುವುದರಿಂದ ಇವರಿಗೆ ಇನ್ನು ಚಿಕಿತ್ಸೆಯ ಲಾಭವಿಲ್ಲ. ಇವರು ಊರಿಗೆ ಹೋಗಿ ಹೊಲದ ಕೆಲಸಕ್ಕೆ ಮರಳಬೇಕೆಂದಿದ್ದಾರೆ, ಅದಕ್ಕೆ ಬೇಕಾದ್ದನ್ನು ಶುರುಮಾಡಿದ್ದೇನೆ. ಕಚೇರಿಯವರಿಗೆ ಸಿಟ್ಟು ಬಂತು. ಡಾಕ್ಟರು ಸಹಿ ಹಾಕಿದರು. ಅಣ್ಣನನ್ನು ಒಪ್ಪಿಸಲು ಮತ್ತೆ ಬಹಳ ದಿನ ಹಿಡಿಯಿತು. ಅವನು ಹೋದಮೇಲೆ ಫೈಲುಗಳನ್ನು ಪೇಟೆಯಿಂದ ಕೊಂಡರು, ಆಸ್ಪತ್ರೆಯೇನೂ ಮುಳುಗಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಮಾತನ್ನು ಈಗ ಸ್ಪಷ್ಟವಾಗಿ ಹೇಳುತ್ತದೆ: ರೋಗಿಯನ್ನು ಕೆಲಸಕ್ಕೆ ಬಲವಂತ ಮಾಡುವಂತಿಲ್ಲ, ಮಾಡಿದ ಕೆಲಸಕ್ಕೆ ತಕ್ಕ ಸಂಭಾವನೆ ಕೊಡಬೇಕು. ನನ್ನ ಕಾಲದಲ್ಲಿ ಈ ಕಾಯ್ದೆ ಕೈಯಲ್ಲಿದ್ದಿದ್ದರೆ ಗುಮಾಸ್ತರ ಮುಂದೆ ಹಾಳೆ ತೆಗೆದಿಟ್ಟು ಸುಮ್ಮನೆ ಚಹಾ ಕುಡಿಯಬಹುದಿತ್ತು.

ಅದೇ ಕಾಯ್ದೆಯ 23ನೆಯ ಕಲಮು ರೋಗಿಯ ಗುಟ್ಟು ಕಾಯುವುದರ ಬಗ್ಗೆ ಇದೆ. ಓದಲು ಸುಲಭ. ನನಗೆ ಅದರ ಪರೀಕ್ಷೆ ಒಡ್ಡಿದವರು ನನ್ನ ಸ್ವಂತ ಮಾವಶಿ. ಅವರ ಮೊಮ್ಮಗನಿಗೆ ಹೆಣ್ಣು ನೋಡುತ್ತಿದ್ದರು. ಒಂದು ಸಂಜೆ ಫೋನು: “ಆ ಹುಡಿಗಿ ನಿಮ್ಮ ದವಾಖಾನಿಗೆ ಬರ್ತಿದ್ಲಂತ ಯಾರೋ ಅಂದ್ರು. ಖರೆ ಏನವ್ವಾ?” ನಾನು ಹೇಳಲಾಗುವುದಿಲ್ಲ ಎಂದೆ. “ಹೆಚ್ಚೇನು ಕೇಳೂದಿಲ್ಲ, ಹೂಂ ಇಲ್ಲಾ ಉಹೂಂ. ನೀ ನಮ್ಮಾಕಿ ಹೌದಲ್ಲೋ?”

ಇಲ್ಲೊಂದು ಸೂಕ್ಷ್ಮವಿದೆ. ಹುಡುಗಿ ಬಂದೇ ಇರದಿದ್ದರೆ ‘ಇಲ್ಲ, ಬಂದಿಲ್ಲ’ ಎಂದು ಹೇಳಿ ಅವಳಿಗೆ ಒಳ್ಳೆಯದು ಮಾಡಬಹುದಲ್ಲ ಎಂದು ಕೇಳುತ್ತಾರೆ. ಮಾಡಬಾರದು. ಬರದವರ ವಿಷಯದಲ್ಲಿ ‘ಇಲ್ಲ’ ಅಂದು, ಬಂದವರ ವಿಷಯದಲ್ಲಿ ‘ಹೇಳಲಾಗದು’ ಅಂದರೆ, ಆ ‘ಹೇಳಲಾಗದು’ ಎಂಬುದೇ ‘ಹೌದು’ ಆಗಿಬಿಡುತ್ತದೆ. ಆದ್ದರಿಂದ ಎಲ್ಲರಿಗೂ ಒಂದೇ ಉತ್ತರ ಇರಬೇಕು: ಯಾರು ಬಂದರು, ಯಾರು ಬರಲಿಲ್ಲ, ಎರಡನ್ನೂ ನಾವು ಹೇಳುವುದಿಲ್ಲ. ಮಾವಶಿಗೆ ಇದನ್ನು ಬಿಡಿಸಿ ಹೇಳಿದೆ. “ಭಾಳ ಓದಿ ಹಿಂಗಾತು” ಎಂದು ಫೋನು ಇಟ್ಟರು. ಆಮೇಲೆ ಒಂದೆರಡು ಮದುವೆಗಳಲ್ಲಿ ನನ್ನ ಪಂಕ್ತಿ ಬಿಟ್ಟು ಬೇರೆ ಪಂಕ್ತಿಯಲ್ಲಿ ಕೂತರು. ಆ ಹುಡುಗಿ ನಮ್ಮಲ್ಲಿಗೆ ಬಂದಿದ್ದಳೋ, ಆ ಸಂಬಂಧ ಕೂಡಿತೋ ಎಂಬುದನ್ನು ಇಲ್ಲಿಯೂ ಬರೆಯುವಂತಿಲ್ಲ. ನನ್ನ ನೆಂಟರೂ ಓದುತ್ತಾರೆ.

ದುಡ್ಡಿನ ವಿಷಯ ಬಂದಾಗ ರೋಗಿಯೇ ತನ್ನ ಗುರಿಯನ್ನು ಬದಲಿಸಿಬಿಡುತ್ತಾನೆ. ಟಂಟಂ ಪಲ್ಟಿಯಾಗಿ ಬಲಗೈ ಬೆರಳುಗಳ ನರ, ಸ್ನಾಯುರಜ್ಜು ಕತ್ತರಿಸಿಹೋದ ಒಬ್ಬ ದರ್ಜಿ ನಮ್ಮಲ್ಲಿ ತಿಂಗಳುಗಟ್ಟಲೆ ಸ್ಪ್ಲಿಂಟ್ ಹಾಕಿಕೊಂಡು, ವ್ಯಾಯಾಮ ಮಾಡಿ, ಚೆನ್ನಾಗಿಯೇ ಸುಧಾರಿಸಿದ್ದ. ಅಪಘಾತದ ಪರಿಹಾರದ ಕೇಸು ಟ್ರಿಬ್ಯುನಲ್ಲಿಗೆ ಹೋಗುವ ಹೊತ್ತಿಗೆ ಕೈ ಇದ್ದಕ್ಕಿದ್ದಂತೆ ಕೆಟ್ಟಿತು. ಹಿಡಿತ ಅಳೆಯುವ ಡೈನಮೋಮೀಟರಿನ ಹಿಡಿಯನ್ನು ಐದು ಅಳತೆಗೆ ಸರಿಸಬಹುದು. ಮನಸ್ಸಿಟ್ಟು ಹಿಂಡಿದರೆ ಸಾಮಾನ್ಯವಾಗಿ ನಡುವಿನ ಅಳತೆಗಳಲ್ಲಿ ಬಲ ಹೆಚ್ಚು, ಎರಡು ತುದಿಯಲ್ಲಿ ಕಡಿಮೆ ಬರುತ್ತದೆ. ಅವನ ಐದೂ ಅಂಕಿ ಹೆಚ್ಚುಕಡಿಮೆ ಒಂದೇ ಬಂತು. ನಾನು ಅವನ ಮುಖ ನೋಡಿದೆ, ಅವನು ನೆಲ ನೋಡಿದ. “ಮೇಡಮ್ಮಾರ, ನೀವು ಒಂದೀಟು ಜಾಸ್ತಿ ಬರದ್ರ ನಿಮ್ಮ ಗಂಟೇನು ಹೊಕ್ಕೈತ್ರಿ?” ಅದೇ ವಾರ ವಿಮೆಯ ಕಡೆಯವರೆಂದು ಹೇಳಿಕೊಂಡ ಒಬ್ಬರು ನಯವಾಗಿ, “ಹೆಚ್ಚುಕಡಿಮೆ ನಾರ್ಮಲ್ ಅಂತ ಬರೀಬಹುದಲ್ವಾ ಮೇಡಂ” ಎಂದು ಕೇಳಿದ್ದರು. ಒಬ್ಬರದು ಹಸಿವು, ಇನ್ನೊಬ್ಬರದು ಸಂಬಳ. ಸಿಟ್ಟು ಬಂದದ್ದು ಎರಡನೆಯವರ ಮೇಲೆ.

ಐದು ಅಂಕಿ ಸಮ ಬಂದವೆಂದು ‘ನಾಟಕ’ ಎಂದು ಬರೆಯುವುದೂ ತಪ್ಪು. ನೋವಿಗೂ ಹೆದರಿಕೆಗೂ ಹಾಗೆ ಬರಬಹುದು. ಅಂಕಿ ಬಂದ ಹಾಗೆ ಬರೆದು, ಪೂರ್ತಿ ಬಲ ಹಾಕಿದಂತೆ ಕಾಣಲಿಲ್ಲ, ಕಾರಣ ಹೇಳಲಾಗದು ಎಂದೆ. ಅದರ ಕೆಳಗೆ ನಾನು ಹಿಂದೆ ಕಂಡದ್ದನ್ನು ಉದ್ದಕ್ಕೆ ಬರೆದೆ: ಮಷೀನಿನ ಮೇಲೆ ಬಟ್ಟೆ ಸರಿಸಬಲ್ಲ, ನೇರ ಹೊಲಿಗೆ ಹಾಕಬಲ್ಲ. ಅರ್ಧ ಗಂಟೆಗೆ ಬೆರಳು ಸೆಟೆಯುತ್ತವೆ. ದಪ್ಪ ಬಟ್ಟೆಗೆ ಕತ್ತರಿ ಆಡಿಸಲಾರ. ಕಾಜಾ, ಗುಂಡಿ, ಕೈಹೊಲಿಗೆ ಆಗುವುದಿಲ್ಲ, ತೋರುಬೆರಳ ತುದಿಗೆ ಸೂಜಿಯ ಸ್ಪರ್ಶವೇ ತಿಳಿಯುವುದಿಲ್ಲ. 2010ರಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ವಿವರಿಸಿದೆ. ಅಂಗದ ಊನ ಶೇಕಡಾ ಎಷ್ಟು ಎಂಬುದೇ ಗಳಿಕೆಯ ನಷ್ಟವಲ್ಲ. ಎಡಗೈ ಹೋದರೆ ಡ್ರೈವರನಿಗೋ ಬಡಗಿಗೋ ದುಡಿಮೆಯೇ ಹೋಗಬಹುದು, ಸರಕಾರಿ ಗುಮಾಸ್ತನಿಗೆ ನೌಕರಿ ಉಳಿಯಬಹುದು. ಆ ತೀರ್ಪನ್ನು ಮೊದಲ ಸಲ ಓದಿದಾಗ ನ್ಯಾಯಮೂರ್ತಿಗಳು ಸದ್ದಿಲ್ಲದೆ ನಮ್ಮ ಪಠ್ಯವನ್ನೇ ಬರೆದಿದ್ದಾರೆ ಅನ್ನಿಸಿತು. ದರ್ಜಿಗೆ ಇದನ್ನೆಲ್ಲ ಹೇಳಿದೆ. ಅವನಿಗೆ ಬೇಕಾದದ್ದು ಒಂದು ದೊಡ್ಡ ಅಂಕಿ. ಸ್ಪ್ಲಿಂಟ್ ಮೇಜಿನ ಮೇಲೆ ಇಟ್ಟು ಹೋದವನು ಮತ್ತೆ ಬರಲಿಲ್ಲ.

ನಿವೃತ್ತಿಯ ನಂತರ ಬೆಂಗಳೂರಿನ ಒಂದು ಮಕ್ಕಳ ಥೆರಪಿ ಕೇಂದ್ರದಲ್ಲಿ ಸ್ವಲ್ಪ ಕಾಲ ಇದ್ದೆ. ಅಲ್ಲಿ ಗುರಿ ಕಾಲಂ ಕಂಪ್ಯೂಟರಿನಲ್ಲಿ ಮೊದಲೇ ತುಂಬಿರುತ್ತಿತ್ತು, ಎಲ್ಲ ಮಕ್ಕಳಿಗೂ ಸರಿಸುಮಾರು ಒಂದೇ. ಆರು ತಿಂಗಳ ಪ್ಯಾಕೇಜಿಗೆ ಮುಂಗಡ ಕಟ್ಟಿಸಿಕೊಳ್ಳಬೇಕು. ಆಟಿಸಂ ‘ಪೂರ್ತಿ ಗುಣ’ ಎಂಬ ಬ್ಯಾನರಿನ ಕೆಳಗೆ ಕೂರಬೇಕು. ಮಗು ಮೊದಲ ಸಲ ಕೈಯಾರೆ ಅನ್ನ ಕಲಸಿ ಉಂಡದ್ದನ್ನು ವಿಡಿಯೋ ಮಾಡಿ ಇನ್‌ಸ್ಟಾಗ್ರಾಂಗೆ ಕೊಡಬೇಕು. ಕಳಿಸಿಕೊಟ್ಟ ಡಾಕ್ಟರಿಗೆ ‘ಕಟ್’ ಹೋಗುತ್ತಿತ್ತು. ಒಂದು ಮಗುವಿಗೆ ಇನ್ನು ಇಲ್ಲಿ ಬರುವ ಅಗತ್ಯವಿಲ್ಲ, ಶಾಲೆ ಮತ್ತು ಮನೆಯಲ್ಲಿ ಅಭ್ಯಾಸ ಸಾಕು ಎಂದು ತಾಯಿಗೆ ಹೇಳಿದ್ದಕ್ಕೆ ಮಾಲೀಕರು ನನ್ನನ್ನು ಕರೆಸಿ ವ್ಯಾಪಾರದ ಪಾಠ ಮಾಡಿದರು. ಆ ತಿಂಗಳೇ ಬಿಟ್ಟೆ. ನಿಲ್ಲಿಸುವುದು ಯಾವಾಗ ಎಂದು ತಿಳಿಯದ ಥೆರಪಿ ನನ್ನ ಲೆಕ್ಕದಲ್ಲಿ ವಸೂಲಿ. ಆಟಿಸಂ ‘ಗುಣ’ದ ಹೆಸರಲ್ಲಿ ಮಾರುವ ಸ್ಟೆಮ್ ಸೆಲ್ ಚಿಕಿತ್ಸೆ ಸಲ್ಲದು, ಅದನ್ನು ಪ್ರಚಾರ ಮಾಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲಿ ಹೇಳಿತು. ಅದು ಡಾಕ್ಟರರಿಗೆ. ನಮ್ಮಂಥವರನ್ನು ಹಿಡಿದು ಕೇಳುವ, ದೇಶಕ್ಕೆಲ್ಲ ಅನ್ವಯಿಸುವ ಕಾನೂನು 2021ರವರೆಗೆ ಇರಲೇ ಇಲ್ಲ. ಮಹಾರಾಷ್ಟ್ರ, ದೆಹಲಿಗಳು ತಮ್ಮ ಪರಿಷತ್ತಿನ ಕಾನೂನುಗಳನ್ನು ಅದಕ್ಕೂ ಬಹಳ ಮೊದಲೇ ಮಾಡಿಕೊಂಡಿದ್ದವು.

ಆ ಕಾನೂನು ತನ್ನ ವೇಗದಲ್ಲಿ ಪೂರ್ತಿ ಜಾರಿಯಾಗಲಿ. ಅಲ್ಲಿಯತನಕ ನೀವು ಮಾಡಬಹುದಾದದ್ದು ಸ್ವಲ್ಪವಿದೆ. ತಾಯಿಯನ್ನೋ ಮಾವನನ್ನೋ ಥೆರಪಿಗೆ ಕರೆದೊಯ್ದಾಗ ‘ಸ್ವಲ್ಪ ಹೊರಗೆ ಕೂತಿರಿ, ಇವರ ಹತ್ತಿರ ಮಾತಾಡಬೇಕು’ ಎಂದರೆ ಬೇಸರಿಸದೆ ಎದ್ದು ಹೋಗಿ. ಮಗುವನ್ನು ಕರೆದೊಯ್ದಾಗ ಬಾಗಿಲು ಹಾಕಿಕೊಂಡು ನಿಮ್ಮನ್ನು ಹೊರಗೇ ಕೂರಿಸಿದರೆ, ಒಳಗೆ ಕೂರುತ್ತೇನೆಂದು ಹಟ ಹಿಡಿಯಿರಿ. ಪದವಿ ಎಲ್ಲಿಯದು, ನೋಂದಣಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಯಾವಾಗ ನಿಲ್ಲಿಸುತ್ತೀರಿ ಎಂಬುದನ್ನು ಮೊದಲ ದಿನವೇ ಕೇಳಿ. ಉತ್ತರವಾಗಿ ಗ್ಯಾರಂಟಿ ಕೊಟ್ಟರೆ ಚಪ್ಪಲಿ ಮೆಟ್ಟಿಕೊಂಡು ಬಂದುಬಿಡಿ.